ಎಡಗಡೆ ಕಿಟಕಿ

ಎಡಗಡೆ ಕಿಟಕಿ ಹಿಡೀರಿ, ಅನ್ನುತ್ತೇನೆ.
ಕರಡಿಗಳು ದಾಟಿದ ಮೇಲೆ, ಎರಡನೇ ಗೇಟು ಬೆನ್ನ ಹಿಂದೆ ಮುಚ್ಚಿಕೊಂಡ ಮೇಲೆ,
ಕುಂಟೆಯ ಪಕ್ಕ ಒಂದು ಬೋಳು ಬಂಡೆ, ಅದಕ್ಕೊರಗಿ ಒಂದು ಜಾಲಿ.
ಬೆಳಿಗ್ಗೆ ಹತ್ತೂವರೆ ಟ್ರಿಪ್ಪಿಗೆ ಬಂಡೆಯ ಮೇಲೆ,
ಮಧ್ಯಾಹ್ನ ಎರಡಕ್ಕೆ ನೆರಳಿನ ಕಡೆ.
ನಾಲ್ಕರ ಮೇಲೆ ಗ್ಯಾರಂಟಿ ಕೊಡೋದಿಲ್ಲ.

ಪಿಳ್ಳಪ್ಪ ಬಸ್ಸು ನಿಧಾನ ಮಾಡುತ್ತಾನೆ.
ಜಾಲರಿಗೆ ಮೂಗು ಒತ್ತಿಕೊಂಡು ಇಡೀ ಬಸ್ಸು
ಅಗೋ ಗಂಡು, ಅಗೋ ರಾಜ, ಅನ್ನುತ್ತದೆ.
ನಾನು ಮೈಕು ತಟ್ಟಿ, ಗಂಟಲು ಸರಿಮಾಡಿಕೊಂಡು,
ಅದು ಹೆಣ್ಣು, ಅನ್ನುತ್ತೇನೆ.
ಹೆಸರು ಬೃಂದಾ. ವಯಸ್ಸು ಹದಿನಾರು. ಎರಡು ಸೂಲು, ಐದು ಮರಿ.

ನಗು. ಪ್ರತಿ ಟ್ರಿಪ್ಪಿನಲ್ಲೂ ಅದೇ ಜಾಗದಲ್ಲಿ ಅದೇ ನಗು,
ಹಂಪು ಬಂದಾಗ ತಲೆಗಳು ಒಟ್ಟಿಗೆ ಕುಲುಕುವ ಹಾಗೆ.

ಮೂರು ಮಳೆಗಾಲದ ಹಿಂದೆ ಶುರುವಾಯಿತು.
ಮೊದಲು ಕಿವಿಯ ಕೆಳಗೆ, ಗೋಣಿಚೀಲದ ಅಂಚು ಬಿಚ್ಚಿದಂತೆ ನಾಲ್ಕೆಳೆ.
ಆಮೇಲೆ ಕುತ್ತಿಗೆ. ಆಮೇಲೆ ಎದೆಗಿಳಿಯಿತು.
ಮಾಂಸ ಹಾಕಲು ಹೋದ ಮುನಿಚೌಡ
ತಪ್ಪು ಬೋನಿನ ಮುಂದೆ ನಿಂತೆನೇನೋ ಅಂತ
ಬಕೆಟ್ಟಿನ ಸಮೇತ ವಾಪಸು ಬಂದಿದ್ದ.
ಡಾಕ್ಟರ್ ಫರ್ಹಾನಾ ರಕ್ತ ತೆಗೆಸಿ, ಕಾಗದ ಓದಿ,
ಹಾರ್ಮೋನು, ಅಂದರು. ವಯಸ್ಸಾದಾಗ ಅಪರೂಪಕ್ಕೆ ಹೀಗಾಗುತ್ತೆ.
ನೋವಿಲ್ಲವಾ ಮೇಡಂ?
ಇಲ್ಲ. ಅವಳಿಗದು ಗೊತ್ತೂ ಇಲ್ಲ.

ಅಲ್ಲಿ ಮಾತ್ರ ನಾನು ಒಪ್ಪಲಿಲ್ಲ.
ಕುಂಟೆಗೆ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದವಳು ಈಗ ಮೊದಲು ಬರುತ್ತಾಳೆ.
ಜಾಲಿಯ ಬುಡಕ್ಕೆ ಬೆನ್ನು ತಿರುಗಿಸಿ, ಬಾಲವೆತ್ತಿ,
ಗಂಡುಗಳು ಮಾಡುವುದನ್ನು ಮಾಡುತ್ತಾಳೆ.
ಸಂಜೆ ಕೂಗಿದರೆ ಸ್ವರ ದಪ್ಪ,
ಕಲ್ಲುಕೋರೆಯ ಲಾರಿ ದಿಣ್ಣೆ ಹತ್ತಿದಂತೆ.
ಇನ್ನೂ ಅರೆಬರೆ ಕೇಸರದ ಪಡ್ಡೆ ಗಂಡೊಂದಿದೆ,
ಅವಳು ಎದ್ದಳೆಂದರೆ ಪಕ್ಕಕ್ಕೆ ಸರಿಯುತ್ತದೆ,
ಮೇಷ್ಟ್ರು ಬಂದಾಗ ಬೀಡಿ ಮುಚ್ಚಿಡುವ ಹುಡುಗನ ಹಾಗೆ.

ಹೋದ ಭಾನುವಾರ ಚಿಕ್ಕಬಾಣಾವರದಿಂದ ಬಂದ ಗುಂಪಿನಲ್ಲಿ
ಒಂದು ಹುಡುಗಿ, ಮುಂದಿನ ಹಲ್ಲು ಬಿದ್ದ ವಯಸ್ಸು,
ಕೈಯಲ್ಲಿ ಕೇಸರಿಬಾತಿನ ದೊನ್ನೆ:
ಆಂಟೀ, ಹೆಂಗಸರಿಗೂ ಗಡ್ಡ ಬರುತ್ತಾ?
ಅವರಮ್ಮ ಬಾಯಿ ಮುಚ್ಚಿಸಿದಳು.
ಮೈಕು ನನ್ನ ಗಲ್ಲಕ್ಕೆ ತಾಗಿತ್ತು.
ಸ್ಪೀಕರಿನಲ್ಲಿ ಕರ್ ಕರ್ ಅಂತ ಏನೋ ಕೆರೆದ ಸದ್ದು,
ಇಡೀ ಬಸ್ಸಿಗೆ ಕೇಳುವಷ್ಟು.
ವೈರು ಲೂಸು, ಅಂದ ಪಿಳ್ಳಪ್ಪ, ಹಿಂತಿರುಗದೆ.
ಅವನ ಆ ಋಣ ಇನ್ನೂ ತೀರಿಸಿಲ್ಲ.

ಮಂಗಳವಾರ ಪಾರ್ಕಿಗೆ ರಜ.
ಮಂಗಳವಾರ ನಾನು ಜಿಗಣಿ ಬಸ್ಸು ಹತ್ತುತ್ತೇನೆ,
ಮೊಬೈಲ್ ಅಂಗಡಿಯ ಮೇಲಿನ ಪಾರ್ಲರಿಗೆ,
ಐವತ್ತೊಂದು ತುಂಬಿದಾಗಿನಿಂದ.
ಸಗಾಯಿಮೇರಿ ಹಲ್ಲಲ್ಲಿ ದಾರ ಕಚ್ಚಿ ಬಗ್ಗುತ್ತಾಳೆ.
ಕಣ್ಣಲ್ಲಿ ನೀರು ಬರುತ್ತೆ. ದುಃಖಕ್ಕಲ್ಲ, ದಾರಕ್ಕೆ.
ಮನೆಯಲ್ಲಿ ಸಂತೆಗೆ ಅಂತ ಹೇಳಿರುತ್ತೇನೆ,
ಪುರಾವೆಗೆ ಒಂದು ಕಟ್ಟು ಕೊತ್ತಂಬರಿ.

ಬೃಂದಾಳ ಹಾಗೆ ಇದ್ದುಬಿಡಬಾರದೇ ಅಂತ ನೀವು ಕೇಳಬಹುದು.
ಅವಳಿಗೂ ಜನಕ್ಕೂ ನಡುವೆ ಜಾಲರಿಯಿದೆ.
ನಾನು ಸಂಜೆ ಇಳಿದು
ಮೆಜೆಸ್ಟಿಕ್ ಬಸ್ಸಿಗೆ ಕಾಯುತ್ತ ನಿಲ್ಲಬೇಕು,
ಟ್ಯೂಬ್‌ಲೈಟಿನ ಕೆಳಗೆ, ಬರೀ ಮುಖದಲ್ಲಿ.

ಈ ಸಲ ಮೇರಿ ಕನ್ನಡಿ ಹಿಡಿದು,
ಅಕ್ಕಾ, ದವಡೆ ಕೆಳಗೆ ಇನ್ನೂ ಒಂದಿದೆ, ಅಂದಳು.
ಇರಲಿ.
ಉದ್ದ ಇದೆ ಅಕ್ಕಾ.
ಇರಲಿ ಬಿಡು, ಅಂದೆ. ದುಡ್ಡು ಪೂರ್ತಿ ಕೊಟ್ಟೆ.

ಬುಧವಾರ ಹತ್ತೂವರೆ. ಎಡಗಡೆ ಕಿಟಕಿ ಹಿಡೀರಿ.
ಬಂಡೆ ಖಾಲಿ. ಯಾರೋ ದುಡ್ಡು ವಾಪಸು ಅಂದರು.
ಕುಂಟೆಯಿಂದ ಎದ್ದು, ನಮಗೆ ಬೆನ್ನು ಹಾಕಿ ನಡೆದವಳು
ನಾಲ್ಕು ಹೆಜ್ಜೆಗೆ ನಿಂತು, ಕತ್ತು ಹೊರಳಿಸಿ ನೋಡಿದಳು.
ಸಿಂಹಾವಲೋಕನ ಅನ್ನೋದು ಇದಕ್ಕೇ ನೋಡಿ,
ಅಂತ ಒಂದು ಕೈಯಲ್ಲಿ ಮೈಕು ಹಿಡಿದು ಹೇಳುತ್ತಿದ್ದೆ.
ಇನ್ನೊಂದು ಕೈ ದವಡೆಯ ಕೆಳಗೆ ಹುಡುಕುತ್ತಿತ್ತು.
ಇತ್ತು.